ಸೀಟಿ ಇದೆ, ಮುದ್ರೆ ಇಲ್ಲ

ತಿಪಟೂರು, 4 ನವೆಂಬರ್ 2025, ಮಂಗಳವಾರ

ಎದುರುಮನೆ ಅಕ್ಕ ಕುಕ್ಕರ್ ಹಿಡಿದುಕೊಂಡೇ ಬಂದರು. ಮೊಬೈಲ್‌ನಲ್ಲಿ ಬುಕ್ ಮಾಡಿ ತರಿಸಿದ್ದು. ಮುಚ್ಚಳದ ಅಂಚಿನಿಂದ ಬಿಸಿನೀರು ಚಿಮ್ಮಿ ಸೊಸೆಯ ಮುಂಗೈ ಸುಟ್ಟಿದೆ. ತಿರುಗಿಸಿ ತಿರುಗಿಸಿ ನೋಡಿದೆ, ಐಎಸ್‌ಐ ಮುದ್ರೆಯೇ ಇಲ್ಲ. 2021ರ ಫೆಬ್ರುವರಿಯಿಂದ ಮುದ್ರೆಯಿಲ್ಲದ ಪ್ರೆಶರ್ ಕುಕ್ಕರ್ ಮಾರುವಂತೆಯೇ ಇಲ್ಲ. "ವಾಪಸ್ ತಗೊಳ್ಳೋ ಅವಧಿ ಮುಗೀತು ಅಂತಾರೆ ಕಣಪ್ಪ" ಎಂದರು ಅಕ್ಕ. ಮಾರಲೇಬಾರದ ಸಾಮಾನಿಗೆ ಅವಧಿ ಎಂಥದು! ರಾತ್ರಿಯಾದರೂ ಸಿಟ್ಟು ಇಳಿದಿಲ್ಲ.

5 ನವೆಂಬರ್

ಹಳೆಯ ಆದೇಶಗಳನ್ನು ಓದುತ್ತ ಕೂತೆ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥದೇ ಕುಕ್ಕರ್‌ಗಳಿಗಾಗಿ ಅಮೆಜಾನ್‌ಗೂ ಫ್ಲಿಪ್‌ಕಾರ್ಟ್‌ಗೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತ್ತು. ಕೊಂಡವರಿಗೆಲ್ಲ ತಿಳಿಸಿ, ಕುಕ್ಕರ್ ಹಿಂಪಡೆದು ಹಣ ಕೊಡಿ ಎಂದಿತ್ತು. ಅಮೆಜಾನ್ ಮೂಲಕ ಹೋಗಿದ್ದು 2,265 ಕುಕ್ಕರ್, ಅದಕ್ಕೆ ಸಿಕ್ಕ ಕಮಿಷನ್ 6 ಲಕ್ಷಕ್ಕೂ ಮೇಲೆ. ದಂಡ ಕಡಿಮೆಯಾಯಿತು ಎಂದೇ ನನ್ನ ಅನಿಸಿಕೆ. ಆದರೆ ಕಮಿಷನ್ ಎಣಿಸಿಕೊಂಡವರು ಹೊಣೆಯನ್ನೂ ಹೊರಬೇಕು ಎಂದಾಯಿತಲ್ಲ, ಅದು ದೊಡ್ಡದು.

8 ನವೆಂಬರ್

ಅಕ್ಕನ ಕೈಯಲ್ಲೇ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಸಿದೆ. ಕನ್ನಡದಲ್ಲೇ ಹೇಳಿಕೊಂಡರು, ದೂರಿನ ನಂಬರು ಸಿಕ್ಕಿತು. ಆಪ್ ಕಂಪನಿಯ ಕುಂದುಕೊರತೆ ಅಧಿಕಾರಿಗೂ ಬರೆದೆವು. 2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ತಿಂಗಳೊಳಗೆ ಪರಿಹಾರ ಕೊಡಬೇಕು. ಲಿಖಿತವಾಗಿ ಕೇಳಿದರೆ ಮಾರಿದವನ ವಿಳಾಸವನ್ನೂ ಕೊಡಬೇಕು. ಕೇಳಿದ್ದೇವೆ. ಬಿಲ್ಲು, ಡಬ್ಬಿ, ಸುಟ್ಟ ಕೈಯ ಫೋಟೊ, ಯಾವುದನ್ನೂ ಬಿಸಾಡಬೇಡಿ ಎಂದು ಸೊಸೆಗೆ ಹೇಳಿಬಂದೆ.

11 ಡಿಸೆಂಬರ್

ತಿಂಗಳು ಕಳೆಯಿತು. ಬಂದದ್ದು ವಿಳಾಸ ಮಾತ್ರ: ದೆಹಲಿಯ ಯಾವುದೋ ಗಲ್ಲಿ. "ಅಷ್ಟು ದೂರ ಯಾರು ಅಲೀತಾರೆ, ಬಿಟ್ಬಿಡೋಣ" ಎಂದರು ಅಕ್ಕನ ಯಜಮಾನರು. ಅಲೆಯಬೇಕಿಲ್ಲ ಸ್ವಾಮಿ, ಎಂದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ತುಮಕೂರಿನ ಗ್ರಾಹಕ ಆಯೋಗವೇ ಸಾಕು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಆ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಈ ಒಂದೇ ಅನುಕೂಲ. ಊರಲ್ಲಿ ಅಂಗಡಿಯೇ ಇಲ್ಲದವನನ್ನು ಊರಿನ ಹೆಂಗಸೊಬ್ಬಳು ತನ್ನ ಜಿಲ್ಲೆಗೇ ಕರೆಸಿ ಉತ್ತರ ಕೇಳಬಹುದು.

15 ಡಿಸೆಂಬರ್

ದೂರು ಬರೆದು ಮುಗಿಸಿದೆವು. ಕುಕ್ಕರಿನ ಹಣ, ಆಸ್ಪತ್ರೆ ಖರ್ಚು, ಪರಿಹಾರ. ಸಹಿ ಹಾಕುವ ಮೊದಲು ಅಕ್ಕ ಇನ್ನೊಂದು ಬೇಡಿಕೆ ಸೇರಿಸಿ ಎಂದರು: ಅದೇ ಕುಕ್ಕರ್ ಆಪ್‌ನಲ್ಲಿ ಇವತ್ತಿಗೂ ಮಾರಾಟಕ್ಕಿದೆ, ಅದನ್ನು ತೆಗೆಸಬೇಕು. ಸೇರಿಸಿದೆ.