ಚಿನ್ನ ಹೋದ ಊರಿನಲ್ಲಿ ಒಂದು ದಿನ

ಮುಂಬಯಿಯಲ್ಲಿ ಮನೆ ಮಾಡಿಕೊಂಡಿರುವ ನಮಗೆ ಊರಿನ ಕಡೆ ಹೋಗುವುದೆಂದರೆ ಮದುವೆಗೋ ಮುಂಜಿಗೋ ಹೋಗುವುದು. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹಿಂದಿರುಗುವ ರೈಲಿನ ಹೊತ್ತಾಗಿರುತ್ತದೆ. ಈ ಬೇಸಗೆಯಲ್ಲಿ ಮಾತ್ರ ಬಂಗಾರಪೇಟೆಯ ಅಕ್ಕನ ಮನೆಯ ಗೃಹಪ್ರವೇಶ ಮುಗಿದ ಮೇಲೂ ಒಂದು ದಿನ ಕೈಯಲ್ಲಿ ಉಳಿಯಿತು. “ಇಷ್ಟು ದೂರ ಬಂದು ಚಿನ್ನದ ಗಣಿ ನೋಡದೆ ಹೋಗುತ್ತೀರಾ?” ಎಂದರು ಭಾವನವರು. ಮಕ್ಕಳಿಗೆ ಚಿನ್ನ ಎಂಬ ಮಾತೊಂದೇ ಸಾಕಾಯಿತು. ಬೆಳಿಗ್ಗೆ ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಮಾರಿಕುಪ್ಪಂ ರೈಲು ಹತ್ತಿದೆವು.

ಅಲ್ಲಿಗೆ ಹೋಗಲು ನಮಗೆ ಬೇರೊಂದು ಕಾರಣವೂ ಇತ್ತು. ನಾವಿರುವುದು ಚೆಂಬೂರಿನಲ್ಲಿ. ಟ್ರಾಂಬೆ ಗುಡ್ಡದ ಆಚೆಗೆ ಭಾಭಾ ಪರಮಾಣು ಸಂಶೋಧನಾ ಕೇಂದ್ರ. ನಮ್ಮ ದೇಶದ ಮೊದಲ ರಿಯಾಕ್ಟರು ‘ಅಪ್ಸರಾ’ ೧೯೫೬ರ ಆಗಸ್ಟಿನಲ್ಲಿ ನಡೆಯತೊಡಗಿದ್ದು ಅಲ್ಲಿಯೇ. ಅಲ್ಲಿ ಕೆಲಸ ಮಾಡಿ ನಿವೃತ್ತರಾದ ಧಾರವಾಡದ ಕಡೆಯ ಹಿರಿಯರೊಬ್ಬರು ನಮ್ಮ ನೆರೆಯವರು. ಒಮ್ಮೆ ನಮ್ಮ ಚಿಕ್ಕವನು ಅವರನ್ನು ಕೇಳಿಬಿಟ್ಟ: “ಅಜ್ಜ, ಅಣು ವಿದ್ಯುತ್ತಿನ ಬೂದಿಯನ್ನು ಎಲ್ಲಿ ಚೆಲ್ಲುತ್ತಾರೆ?”

ಅಜ್ಜ ನಗಲಿಲ್ಲ. “ಚೆಲ್ಲೋ ಹಂಗಿಲ್ಲಪ್ಪಾ, ಕಾಯಬೇಕು” ಎಂದರು. ರಿಯಾಕ್ಟರಿನಲ್ಲಿ ಉರಿದ ಇಂಧನದಿಂದ ಯುರೇನಿಯಂ, ಪ್ಲುಟೋನಿಯಂಗಳನ್ನು ಬೇರ್ಪಡಿಸುತ್ತಾರಂತೆ. ಪ್ಲುಟೋನಿಯಂ ಬಾಂಬಿಗೂ ಬರುವ ವಸ್ತು. ಅದನ್ನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟು, ಬೀಗ ಹಾಕಿ, ಕಾವಲಿಡಬೇಕು. ಉಳಿದ ತೀವ್ರ ವಿಕಿರಣದ ದ್ರವವನ್ನು ಗಾಜಿನ ಸಾಮಗ್ರಿಯೊಡನೆ ಸುಮಾರು ೯೫೦ ಡಿಗ್ರಿ ಶಾಖದಲ್ಲಿ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ಹೊಯ್ದು ಗಟ್ಟಿಯಾಗಿಸುತ್ತಾರೆ. ತಾರಾಪುರದಲ್ಲಿ ಈ ಕೆಲಸ ೧೯೮೦ರ ದಶಕದಿಂದ ನಡೆದಿದೆ. ಆ ಡಬ್ಬಿಗಳು ತಾವೇ ಬಿಸಿ ಕಾರುತ್ತವೆ. ಗಾಳಿಯಾಡುವ ನೆಲಮಾಳಿಗೆಯಲ್ಲಿ ಹತ್ತಾರು ವರ್ಷ ಅವನ್ನು ಆರಲು ಬಿಡಬೇಕು. ಆಮೇಲೆ? ಭೂಮಿಯ ಆಳದ ಗಟ್ಟಿ ಬಂಡೆಯೊಳಗೆ ಇಡಬೇಕೆಂಬುದು ತಿಳಿದವರ ಅಭಿಪ್ರಾಯ. ಆದರೆ ಅಂಥ ಶಾಖಕ್ಕೆ ಬಂಡೆ ಬಿರಿಯುವುದೋ ತಾಳುವುದೋ? ಅದನ್ನು ನೋಡಲು ೧೯೮೦ರ ದಶಕದಲ್ಲಿ ಕೋಲಾರದ ಗಣಿಯೊಳಗೆ, ಸುಮಾರು ೧೦೦೦ ಮೀಟರ್ ಆಳದಲ್ಲಿ, ವಿದ್ಯುತ್ ಹೀಟರುಗಳನ್ನಿಟ್ಟು ಬಂಡೆಯನ್ನು ಕಾಯಿಸಿ ಪರೀಕ್ಷೆ ಮಾಡಿದರು. ಅಲ್ಲಿ ಇಟ್ಟದ್ದು ಬರಿಯ ಶಾಖ, ಅಣುತ್ಯಾಜ್ಯವಲ್ಲ. ಈ ಕಥೆ ಕೇಳಿದಂದಿನಿಂದ ಆ ಗಣಿಯ ಮೇಲೆ ನಮಗೆ ಕಣ್ಣು.

ರೈಲು ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ನಿಲ್ಲುತ್ತ ಹೋಯಿತು. ಹೆಸರುಗಳಲ್ಲೇ ಹಳೆಯ ಇಂಗ್ಲಿಷ್ ಕಂಪನಿಯ ಠೀವಿ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು ಈ ಗಣಿಗಳಿಗಾಗಿ; ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನ ತೆಗೆದರು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಈಗ ಶಾಫ್ಟುಗಳ ಮೇಲಿನ ದೊಡ್ಡ ಚಕ್ರಗಳು ತುಕ್ಕು ಹಿಡಿದು ನಿಂತಿವೆ. ಒಳಗೆ ಹೋಗಲು ಯಾರಿಗೂ ಅಪ್ಪಣೆಯಿಲ್ಲ.

“ಚಿನ್ನ ಎಲ್ಲಿ?” ಎಂದು ಮಕ್ಕಳ ರಾಗ. ಎದುರಿಗೆ ಕಂಡದ್ದು ಬಿಳಿಚಿದ ಬೂದಿಬಣ್ಣದ ಗುಡ್ಡಗಳು. ಒಂದು ಹುಲ್ಲುಕಡ್ಡಿಯಿಲ್ಲದ ಬೋಳು ಮೈ, ಮಳೆ ಕೊರೆದ ಸೀಳುಗಳು. ಊರವರು ‘ಸೈನೈಡ್ ಗುಡ್ಡ’ ಎನ್ನುತ್ತಾರೆ. ಅದಿರನ್ನು ಪುಡಿ ಮಾಡಿ, ಸೈನೈಡಿನಿಂದ ಚಿನ್ನ ಹೀರಿ ತೆಗೆದ ಮೇಲೆ ಮಿಕ್ಕ ಕೆಸರು ಇದು. ಮೂರು ಕೋಟಿ ಟನ್ನಿಗೂ ಹೆಚ್ಚು.

ಹುಣಿಸೆಮರದ ಕೆಳಗೆ ಬುತ್ತಿ ಬಿಚ್ಚಿದೆವು. ಪಕ್ಕದ ಲೈನುಮನೆಯ ಮುದುಕರೊಬ್ಬರು ಮಕ್ಕಳಿಗೆ ಕುಡಿಯಲು ನೀರು ತಂದುಕೊಟ್ಟರು. ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಮನೆಮಾತು ತಮಿಳು, ನಮ್ಮೊಡನೆ ಆಡಿದ್ದು ಸೊಗಸಾದ ಕನ್ನಡ. ಮಾತಿನ ನಡುನಡುವೆ ಕೆಮ್ಮು.

“ಗಾಳಿ ಬಂದರೆ ಈ ಧೂಳೆಲ್ಲಾ ನಮ್ಮ ಅನ್ನದ ಮೇಲೇ ಸ್ವಾಮಿ” ಎಂದರು. ನಾವು ಸುಮ್ಮನೆ ಬುತ್ತಿಯ ಮುಚ್ಚಳ ಮುಚ್ಚಿದೆವು.

ಅಣುತ್ಯಾಜ್ಯದ ಮಾತು ತೆಗೆದೆವು. ೨೦೧೨ರ ನವೆಂಬರಿನಲ್ಲಿ, ಕೂಡಂಕುಳಂ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದ್ದಾಗ, ಅಲ್ಲಿಯ ತ್ಯಾಜ್ಯವನ್ನು ಈ ಗಣಿಗೆ ತಂದಿಡುತ್ತಾರೆಂಬ ಸುದ್ದಿ ಹಬ್ಬಿ ಊರೆಲ್ಲ ಬೀದಿಗಿಳಿಯಿತು. ಅಂಥ ಯೋಜನೆಯಿಲ್ಲವೆಂದು ಕೇಂದ್ರ ಸರಕಾರ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ನಿಜವಾಗಿಯೂ ಇದು ತಕ್ಕ ಜಾಗವಲ್ಲ. ಪಂಪುಗಳು ನಿಂತು ಗಣಿಯಲ್ಲಿ ನೀರು ತುಂಬಿದೆ. ಹೂತಿಟ್ಟ ವಿಕಿರಣವಸ್ತುವನ್ನು ಹೊರಕ್ಕೆ ಹೊತ್ತು ತರಬಲ್ಲದ್ದು ನೀರೇ.

“ಆವತ್ತು ನೀವೂ ಹೋಗಿದ್ದಿರಾ ಯಜಮಾನರೇ?” ಎಂದೆವು.

“ಹೋಗಿದ್ದೆ. ಆ ಸಾಮಾನು ಎಂಥದೋ ನನಗೇನು ಗೊತ್ತು? ಹೇಳಿದವರು ಯಾರು? ಈ ಗುಡ್ಡ ಹಾಕುವಾಗಲೂ ಯಾರೂ ಹೇಳಲಿಲ್ಲ. ಚಿನ್ನ ಹೋಯಿತು, ಸಾಹೇಬರು ಹೋದರು, ಗುಡ್ಡ ಮಾತ್ರ ನಮ್ಮ ಪಾಲಿಗೆ. ಇನ್ನೊಂದು ಬರುತ್ತದೆ ಅಂದರೆ ಹೆದರದೆ ಇರುತ್ತೇವಾ?”

ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಮುಂಬಯಿಯ ಮನೆಯ ದೀಪದಲ್ಲಿ ತಾರಾಪುರದ ವಿದ್ಯುತ್ತೂ ಸೇರಿದೆ. ಬೆಳಕು ನಮಗೆ, ಬೂದಿ ಯಾರ ಊರಿಗೋ?

ಹಿಂದಿರುಗುವ ರೈಲಿನಲ್ಲಿ ಅಜ್ಜಿಯ ನೆನಪಾಯಿತು. ಅಟ್ಟದ ಮೇಲಿನ ಡಬ್ಬಿಯಲ್ಲಿ ಅವರು ಇಲಿಪಾಷಾಣ ಇಡುತ್ತಿದ್ದರು. ಬೀಗ ಹಾಕುತ್ತಿದ್ದುದು ಸರಿಯೇ. ಪ್ರತಿ ಬೇಸಗೆ ಮೊಮ್ಮಕ್ಕಳು ಕೂಡಿದಾಗ ಎಲ್ಲರನ್ನೂ ಕರೆದು ತೋರಿಸಿ, “ಇದು ಇದು, ಇಲ್ಲಿದೆ, ಮುಟ್ಟಬೇಡಿ” ಎಂದು ಹೇಳುತ್ತಲೂ ಇದ್ದರು. ಹೇಳುವುದನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ದೆಹಲಿಯ ಮಾಯಾಪುರಿಯೇ ಸಾಕ್ಷಿ. ೨೦೧೦ರಲ್ಲಿ ಒಂದು ಪ್ರಯೋಗಶಾಲೆಯವರು ಬಹುಕಾಲ ಮೂಲೆಯಲ್ಲಿದ್ದ ಯಂತ್ರವನ್ನು ಗುಜರಿಗೆ ಮಾರಿದರು. ಅದರೊಳಗೆ ಕೋಬಾಲ್ಟ್-೬೦ ಇತ್ತು. ಏನೂ ಅರಿಯದೆ ಅದನ್ನು ಒಡೆದ ಕೆಲಸಗಾರರು ವಿಕಿರಣಕ್ಕೆ ಸಿಕ್ಕರು. ಒಬ್ಬನು ಸತ್ತೇ ಹೋದನು.

ಅಜ್ಜಿಯ ಪಾಷಾಣ ಒಂದು ತಲೆಮಾರಿನ ಮಾತು. ಗಾಜಿನಲ್ಲಿ ಸೇರಿದ ಸೀಸಿಯಂ ಅರ್ಧವಾಗಲು ಮೂವತ್ತು ವರ್ಷ, ಪ್ಲುಟೋನಿಯಂ ಅರ್ಧವಾಗಲು ಇಪ್ಪತ್ತನಾಲ್ಕು ಸಾವಿರ ವರ್ಷ. ಅಷ್ಟು ಕಾಲ ಕಾಯಬೇಕಾದ ವಸ್ತುವಿಗೆ ಬಂಡೆಯೂ ಬೇಕು, ಬೀಗವೂ ಬೇಕು. ಪಕ್ಕದಲ್ಲಿ ಬಾಳುವವರಿಗೆ ಮೊದಲೇ ಹೇಳಿ ಒಪ್ಪಿಸುವ ಮನಸ್ಸೂ ಬೇಕು.

ಊರಿನ ಕಡೆ ಹೋಗುವ ನಮ್ಮ ಬಂಧುಗಳು ಒಂದು ದಿನ ಉಳಿಸಿಕೊಂಡು ಇಲ್ಲಿಗೆ ಹೋಗಿಬರಲಿ. ಬೆಂಗಳೂರಿನಿಂದ ಮಾರಿಕುಪ್ಪಂಗೆ ನೇರ ರೈಲೂ ಉಂಟು. ಬುತ್ತಿಯನ್ನು ಮಾತ್ರ ಗಾಳಿ ಏಳುವ ಮೊದಲೇ ಉಂಡುಬಿಡುವುದು ಒಳ್ಳೆಯದು.