ಹಲ್ಲೆಣಿಸದ ಮೇಸ್ತ್ರಿಗಳು

ಪಿರಿಯಾಪಟ್ಟಣದ ನಮ್ಮ ಭಾವಮೈದನ ಎಫ್‌ಸಿ (ಫಾರ್ವರ್ಡ್ ಕಂಟ್ರೋಲ್ ಜೀಪ್) ಗಾಡಿಯ ಗೇರ್‌ಬಾಕ್ಸನ್ನು ಮೊನ್ನೆ ಹುಣಸೂರಿನಲ್ಲಿ ಇಳಿಸಿದೆವು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಕೂರುವ ಅಡಾಪ್ಟರ್ ಪ್ಲೇಟು ಕೈಗೆ ಬಂತು. ಗಾಡಿಯನ್ನು ಡೀಸೆಲ್ ಮಾಡಿಸಿದ್ದು ಎಂಬತ್ತರ ದಶಕದಲ್ಲಿ, ಅವನ ಅಪ್ಪನ ಕಾಲಕ್ಕೆ. ಆರ್‌ಸಿ ಪುಸ್ತಕದಲ್ಲೂ ಹಾಗೇ ನಮೂದಾಗಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಪ್ಲೇಟಿನ ಮೇಲೆ. ಅದರ ಒಂದು ತೂತಾದರೂ ದುಂಡಗಿರಲಿಲ್ಲ. ಯಾರೋ ಪುಣ್ಯಾತ್ಮ ರೌಂಡ್ ಫೈಲು ಹಿಡಿದು ಪ್ರತಿಯೊಂದನ್ನೂ ಉಜ್ಜಿ ಉಜ್ಜಿ ಹುಣಸೆಬೀಜದ ಆಕಾರಕ್ಕೆ ತಂದಿದ್ದ.

"ಅಡ್ಜಸ್ಟ್ ಮಾಡ್ಕಳಕ್ಕೆ ಅಂತ ಬುಟ್ಟಿರ್ತಾರೆ ಕಣಣ್ಣ" ಎಂದ ಗ್ಯಾರೇಜಿನ ಹುಡುಗ, ಅದೇನೋ ಒಳ್ಳೆಯ ಸೌಕರ್ಯವೆಂಬಂತೆ.

ಆ ಅಡ್ಜಸ್ಟಿಗೇ ಇಷ್ಟು ವರ್ಷ ಈ ಗಾಡಿಯ ಕ್ಲಚ್ಚು ನಡುಗುತ್ತಿತ್ತು, ಟಾಪ್ ಶಾಫ್ಟಿನ ಬೇರಿಂಗು ಮತ್ತೆ ಮತ್ತೆ ಹೋಗುತ್ತಿತ್ತು. ಮನೆಯವರೆಲ್ಲ ಗೇರ್‌ಬಾಕ್ಸನ್ನು ಬಯ್ದುಕೊಂಡು ಕಾಲ ಕಳೆದರು. ಗೇರ್‌ಬಾಕ್ಸಿನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಹಳೆಯ ಗಾಡಿಗೆ ಬೇರೆ ಇಂಜಿನ್ ಕೂರಿಸುವ ಕೆಲಸದಷ್ಟು ಸುಖ ಕೊಡುವ ಕೆಲಸ ನನಗೆ ಇನ್ನೊಂದು ಗೊತ್ತಿಲ್ಲ. ಚೈನ್ ಬ್ಲಾಕಿಗೆ ನೇತಾಡುವ ಇಂಜಿನ್ನನ್ನು ಬೆರಳಿನಲ್ಲಿ ಒತ್ತುತ್ತಾ ಚಾಸಿಯೊಳಗೆ ಬಿಡುವಾಗ ನನ್ನನ್ನು ಊಟಕ್ಕೆ ಕರೆಯಬೇಡಿ. ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಒಂದು ಕಾಲದಲ್ಲಿ ಕೊರತೆಯೇ ಇರಲಿಲ್ಲ. ವಿಲ್ಲಿಸ್ ವಂಶದ ಜೀಪಾಗಲಿ ಎಫ್‌ಸಿಯಾಗಲಿ, ಒಳಗಿದ್ದದ್ದು 2199 ಸಿಸಿಯ ಹರಿಕೇನ್ ಪೆಟ್ರೋಲ್ ಇಂಜಿನ್. ಸದ್ದು ಕೇಳಲು ಇಂಪು, ಬಾಯಿ ಮಾತ್ರ ಬಕಾಸುರನದು. ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು. ಅದನ್ನು ಮಾರುಕಟ್ಟೆಗೆ ಬಿಟ್ಟದ್ದು 2014ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಬಾಡಿಗೆ ಹೊಡೆಯುವವನು, ಹೊಗೆಸೊಪ್ಪಿನ ಬೇಲು ಸಾಗಿಸುವವನು, ಶುಂಠಿ ತುಂಬಿಕೊಂಡು ಎಚ್.ಡಿ. ಕೋಟೆಯಿಂದ ಮೈಸೂರಿಗೆ ಹೋಗುವವನು, ಎಲ್ಲರ ಬಾಯಲ್ಲೂ ಒಂದೇ ಮಾತು: "ಗಾಡಿ ಡೀಸೆಲ್ ಮಾಡ್ಸುದ್ರೆ ಎಷ್ಟಾಯ್ತದೆ?"

ಯಾವ ಡೀಸೆಲ್ ಎಂಬುದರಲ್ಲಿ ಮೂರು ಪಕ್ಷಗಳಿದ್ದವು. ದೇವರಾಜ ಅರಸರ ಕ್ಷೇತ್ರವಾಗಿದ್ದ ಹುಣಸೂರಿನಲ್ಲಿ ಪಕ್ಷವಿಲ್ಲದೆ ಯಾವ ವಿಷಯ ತಾನೇ ಉಂಟು! ಒಂದು ಇಂಟರ್‌ನ್ಯಾಷನಲ್ ಪಕ್ಷ, ಅಂದರೆ ಮಹೀಂದ್ರದ ಎಂಡಿ 2350. ಇನ್ನೊಂದು ಪೂಜೋ ಪಕ್ಷ, ಫ್ರಾನ್ಸಿನ ನಕ್ಷೆಯ 2112 ಸಿಸಿ ಎಕ್ಸ್‌ಡಿಪಿ. ಮೂರನೆಯದು ಮ್ಯಾಟಡಾರ್ ಪಕ್ಷ. ಬಜಾಜ್ ಟೆಂಪೋದವರು ತಮ್ಮ ಗಾಡಿಗಳಿಗೆ ಹಾಕಿದ ಮರ್ಸಿಡಿಸ್ಸಿನ 2.4 ಲೀಟರ್ ಇಂಜಿನ್ನಿನ ಭಕ್ತರು. ಮರ್ಸಿಡಿಸ್ ಎಂದ ಮೇಲೆ ಕೇಳಬೇಕೆ, ಈ ಭಕ್ತರು ಉಳಿದವರೊಡನೆ ಟೀ ಕುಡಿಯುವುದೂ ಅಷ್ಟಕ್ಕಷ್ಟೆ.

ನನ್ನ ಓಟು ಇಂಟರ್‌ನ್ಯಾಷನಲ್ಲಿಗೆ. ಅದು ಒಳ್ಳೆಯ ಇಂಜಿನ್ ಅಂತಲ್ಲ. ಚಳಿಗಾಲದ ಬೆಳಿಗ್ಗೆ ಹೀಟರ್ ಹಿಡಿದುಕೊಂಡು ಅದರ ಮರ್ಜಿ ಕಾಯಬೇಕು, ಓಟದಲ್ಲಿ ಪೂಜೋ ಮುಂದೆ ಅದು ಎತ್ತು. ಆದರೆ ಅದರ ವಂಶಾವಳಿ ನನಗೆ ರುಚಿ. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯೊಡನೆ ಸೇರಿ ಟ್ರಾಕ್ಟರ್ ಕಂಪನಿ ಕಟ್ಟಿದರು. ಅದರಿಂದ ಬಂದದ್ದು ಬಿ-275. ಅದೇ ಟ್ರಾಕ್ಟರಿನ ಇಂಜಿನ್ನೇ ಜೀಪಿಗೆ ಬಂದು ಎಂಡಿ 2350 ಆಯಿತು. ಪಿಸ್ಟನ್ನು ಏರಿ ಇಳಿಯುವ ದೂರ 101.6 ಮಿಲಿಮೀಟರ್. ಈ ಅಡ್ಡಾದಿಡ್ಡಿ ಸಂಖ್ಯೆ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ, ಅದು ಸರಿಯಾಗಿ ನಾಲ್ಕು ಇಂಚು. ಮುಂದೆ ಬಂದ 2523 ಸಿಸಿಯ ಡಿಐ ಇಂಜಿನ್ನಿನ ಬೋರು ಅಳೆಯಿರಿ, 88.9, ಅಂದರೆ ಮೂರೂವರೆ ಇಂಚು. ಸ್ಟ್ರೋಕು ಮತ್ತೆ ಅದೇ ನಾಲ್ಕು. ದೇಶ ಮೆಟ್ರಿಕ್ಕಿಗೆ ಬದಲಾಯಿತು, ಬಿಎಸ್ ನಿಯಮಗಳು ಬಂದವು, ಬೊಲೆರೋ ಬಂತು. ಆ ನಾಲ್ಕು ಇಂಚು ಮಾತ್ರ ಅಲ್ಲಾಡಲಿಲ್ಲ. ಹೊಲದಲ್ಲಿ ನೇಗಿಲೆಳೆದ ಇಂಜಿನ್ನೂ ಅದೇ ಹೊಲದ ಸೊಪ್ಪನ್ನು ಹರಾಜು ಕಟ್ಟೆಗೆ ಹೊತ್ತ ಇಂಜಿನ್ನೂ ಒಂದೇ ತಾಯಿ ಮಕ್ಕಳು.

ಎಫ್‌ಸಿಯ ವಿಚಾರಕ್ಕೆ ಬಂದರೆ, ಅದಕ್ಕೆ ಡೀಸೆಲ್ ಕೂರಿಸುವುದು ಜೀಪಿಗಿಂತ ಒಂದು ಕೈ ಹೆಚ್ಚಿನ ಕೆಲಸ. ಅಮೆರಿಕದ ವಿಲ್ಲಿಸ್‌ನವರು 1956ರ ಕೊನೆಯಲ್ಲಿ ಬಿಟ್ಟ ಮಾದರಿ ಅದು, ವಿನ್ಯಾಸ ಬ್ರೂಕ್ಸ್ ಸ್ಟೀವನ್ಸ್ ಎಂಬಾತನದು. ಮೂತಿಯೇ ಇಲ್ಲ, ಡ್ರೈವರು ಮುಂದಿನ ಚಕ್ರದ ಮೇಲೆ ಕೂರುತ್ತಾನೆ, ಇಂಜಿನ್ನು ಅವನ ಪಕ್ಕದಲ್ಲಿ, ಕ್ಯಾಬಿನ್ನಿನೊಳಗೆ, ಒಂದು ಮುಚ್ಚಳದಡಿ. ಎಫ್‌ಸಿ-150ರ ಎರಡು ಆಕ್ಸಲ್‌ಗಳ ಮಧ್ಯೆ ಬರೀ 81 ಇಂಚು. ಭಾರವೆಲ್ಲ ಮುಂದಕ್ಕೆ ಬಿತ್ತೆಂದು ಅಮೆರಿಕದವರು ಚಾಸಿಯ ಹಿಂತುದಿಯಲ್ಲಿ ಎರಕದ ಕಬ್ಬಿಣದ ತೂಕವನ್ನೇ ಕಟ್ಟಿದರು. ಪೆಟ್ರೋಲ್ ಇಂಜಿನ್ನಿಗೇ ಹೀಗೆ ಮಾಡಬೇಕಾಗಿ ಬಂದ ಗಾಡಿಗೆ ನಾವು ಟ್ರಾಕ್ಟರಿನ ಇಂಜಿನ್ ಇಟ್ಟೆವು! ಖಾಲಿ ಗಾಡಿಯಲ್ಲಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂಬದಿ ಹಗುರಾಗಿ ಕುಣಿಯುವುದು ಅದಕ್ಕೇ. ಭಾವಮೈದನ ಅಪ್ಪ ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದರು: ಗಾಡಿಯನ್ನು ಖಾಲಿ ಓಡಿಸುತ್ತಲೇ ಇರಲಿಲ್ಲ. ಏನೂ ಸಿಗದಿದ್ದರೆ ಎರಡು ಚಪ್ಪಡಿ ಕಲ್ಲಾದರೂ ಹಿಂದೆ ಇರುತ್ತಿದ್ದವು.

ಡೀಸೆಲ್ ಬಂದ ಮೇಲಿನ ಸಣ್ಣಪುಟ್ಟ ಕಿರಿಕಿರಿಗಳನ್ನು ಎಲ್ಲರೂ ಬಲ್ಲರು. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೂ ಇಂಜಿನ್ ನಿಲ್ಲದು, ಸ್ಟಾಪ್ ಕೇಬಲ್ ಎಳೆಯಬೇಕು. ವ್ಯಾಕ್ಯೂಮಿನಿಂದ ಆಡುತ್ತಿದ್ದ ಹಳೆಯ ವೈಪರಿಗೆ ಎಳೆತ ಸಾಲದೆ ಅದು ಮಳೆಯಲ್ಲಿ ಅರ್ಧಕ್ಕೆ ಕೈಮುಗಿದು ನಿಲ್ಲುತ್ತದೆ. ಇವನ್ನು ಬೇಕಾದರೆ ಮೇಸ್ತ್ರಿಗಳಿಗೆ ಬಿಡೋಣ.

ಬಿಡಲಾಗದ್ದು ಸೆಂಟರಿನ ವಿಷಯ. ಇಂಜಿನ್ನಿನ ಕ್ರ್ಯಾಂಕಿನ ತುದಿಯಲ್ಲಿ ಪೈಲಟ್ ಬುಷ್ ಇದೆ, ಅದರೊಳಗೆ ಗೇರ್‌ಬಾಕ್ಸಿನ ಟಾಪ್ ಶಾಫ್ಟಿನ ಮೂಗು ಕೂರುತ್ತದೆ. ಎರಡೂ ಒಂದೇ ಗೆರೆಯಲ್ಲಿರಬೇಕು. ಬೇರೆ ಬೇರೆ ಕಂಪನಿಯ ಇಂಜಿನ್ನು, ಗೇರ್‌ಬಾಕ್ಸು ಸೇರಿಸುವಾಗ ಆ ಗೆರೆಯನ್ನು ಕಾಪಾಡುವುದು ನಡುವಿನ ಪ್ಲೇಟು. ನಮ್ಮಲ್ಲಿ ಬಹಳ ಮಂದಿ ಅದನ್ನು ಮಾಡುವ ಕ್ರಮ ಹೇಳುತ್ತೇನೆ: ರಟ್ಟನ್ನು ಬೆಲ್ ಹೌಸಿಂಗಿಗೆ ಒತ್ತಿ ಗ್ರೀಸಿನ ಗುರುತು ತೆಗೆದು, ಅದನ್ನು ಕಬ್ಬಿಣದ ಹಾಳೆಯ ಮೇಲಿಟ್ಟು, ಗ್ಯಾಸ್ ಕಟ್ಟರಿನಲ್ಲಿ ಕೊಯ್ದು, ತೂತು ಕೊರೆದು, ಕೂರದಿದ್ದರೆ ಫೈಲು. "ಕೂತ್ಕತ್ತು ಬುಡಣ್ಣ!" ಬೋಲ್ಟು ಕೂತಿತು, ನಿಜ. ಶಾಫ್ಟು ಎಲ್ಲಿ ಕೂತಿತೆಂದು ನೋಡಿದವರು ಯಾರು?

ಬೋಲ್ಟು ಇರುವುದು ಬಿಗಿಯಾಗಿ ಹಿಡಿಯುವುದಕ್ಕೆ. ಜಾಗ ಹಿಡಿಯುವುದು ಡಾವೆಲ್ ಪಿನ್ನಿನ ಕೆಲಸ. ಈ ಎರಡು ವಾಕ್ಯ ಅರ್ಥವಾದವನ ಕೈಗೆ ನನ್ನ ಗಾಡಿ ಕೊಡುತ್ತೇನೆ, ಅವನಿಗೆ ಮಿಕ್ಕಿದ್ದೇನೂ ಬರದಿದ್ದರೂ ಚಿಂತೆಯಿಲ್ಲ. ಕ್ರಮ ಇಷ್ಟೇ: ಪ್ಲೇಟು, ಬೆಲ್ ಹೌಸಿಂಗು ಎರಡನ್ನೂ ಬೋಲ್ಟಿನಲ್ಲಿ ಸಡಿಲವಾಗಿ ನಿಲ್ಲಿಸಿ. ಫ್ಲೈವೀಲಿಗೆ ಡಯಲ್ ಗೇಜು ಕಚ್ಚಿಸಿ, ಅದರ ಮೂತಿ ಹೌಸಿಂಗಿನ ಮಧ್ಯದ ಬೋರಿನ ಒಳಮೈಗೆ ತಾಗುವಂತೆ ಇಡಿ. ಕ್ರ್ಯಾಂಕನ್ನು ಕೈಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಮುಳ್ಳು ಎಷ್ಟು ಆಡುತ್ತದೆ ನೋಡಿ. ಇಪ್ಪತ್ತು ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಆಡಿದರೆ ಸೆಂಟರು ತಪ್ಪಿರುವುದು ಹತ್ತು ಥೌ, ಇಪ್ಪತ್ತಲ್ಲ. ಮುಳ್ಳು ಎರಡೂ ಬದಿಯ ತಪ್ಪನ್ನು ಕೂಡಿಸಿ ಹೇಳುತ್ತದೆ. ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮುಳ್ಳಿನ ಆಟ ಐದಾರು ಥೌಗೆ ಇಳಿದ ಮೇಲೆ ಬೋಲ್ಟು ಬಿಗಿದು, ಎರಡು ಕಡೆ ರೀಮರ್ ಹೊಡೆದು ಡಾವೆಲ್ ಹಾಕಿ. ಒಂದು ಮಧ್ಯಾಹ್ನದ ಕೆಲಸ. ಇದಕ್ಕೆ ಸಮಯವಿಲ್ಲದವರಿಗೆ ಅದೇ ಗೇರ್‌ಬಾಕ್ಸನ್ನು ಪ್ರತಿ ಮಳೆಗಾಲ ಇಳಿಸುವುದಕ್ಕೆ ಎಲ್ಲಿಂದಲೋ ಸಮಯ ಬರುತ್ತದೆ.

ಈ ಊರಿನಲ್ಲಿ ಸೆಂಟರು ತಪ್ಪುವುದು ನನಗೆ ಇನ್ನೂ ಹೆಚ್ಚು ನೋಯುವುದಕ್ಕೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಕೇಂದ್ರ. ಬ್ರಿಟಿಷರ ಸೈನ್ಯಕ್ಕೆ ಸರಕು ಒದಗಿಸುವ ಇಲಾಖೆಯ ಚರ್ಮದ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಡಿಪೋ ಇಲ್ಲಿದ್ದವು. ಇಲಾಖೆ ಎದ್ದು ಹೋದರೂ ಅಲ್ಲಿ ಕೈ ಪಳಗಿದವರು ಊರಲ್ಲೇ ಉಳಿದರು, ಹುಣಸೂರಿನ ಎತ್ತಿನ ಗಾಡಿಗೆ ಹೆಸರು ಬಂತು. ಗಾಡಿ ಕಟ್ಟುವವನಿಗೆ ಡಯಲ್ ಗೇಜು ಎಲ್ಲಿ ಬಂತು? ಅವನ ಗುಂಬದ ತೂತು ಒಂದು ಕೂದಲೆಳೆ ಓರೆಯಾದರೂ ಚಕ್ರ ತೊನೆಯುತ್ತಿತ್ತು, ಊರಿನವರು ನಗುತ್ತಿದ್ದರು. ಈಗ ಸೆಂಟರು ತಪ್ಪಿದ್ದು ಬೆಲ್ ಹೌಸಿಂಗಿನ ಕತ್ತಲೆಯಲ್ಲಿರುತ್ತದೆ, ನಗುವವರಿಲ್ಲ. ಮೇಸ್ತ್ರಿ ದುಡ್ಡು ಎಣಿಸಿಕೊಳ್ಳುತ್ತಾನೆ.

ಎಣಿಸುವ ಮಾತು ಬಂದದ್ದು ಒಳ್ಳೆಯದಾಯಿತು. ದುಡ್ಡು ಎಣಿಸುವ ಮೇಸ್ತ್ರಿ ಕ್ರೌನ್ ಪಿನಿಯನ್ನಿನ ಹಲ್ಲು ಎಣಿಸುವುದಿಲ್ಲ ಎಂಬುದು ನನ್ನ ಎರಡನೆಯ ಜಗಳ. ಪೆಟ್ರೋಲ್ ಕಾಲದ ಜೀಪು, ಎಫ್‌ಸಿಗಳ ಹಿಂದಿನ ಆಕ್ಸಲ್ ಹೌಸಿಂಗಿನಲ್ಲಿ ಇರುವುದು 5.38ರ ರೇಶಿಯೋ, ಅಂದರೆ 43 ಹಲ್ಲಿಗೆ 8. ನಾಲ್ಕು ಸಾವಿರ ಸುತ್ತು ತಿರುಗುವ ಹರಿಕೇನಿಗೆ ಅದು ಸರಿ. ಟ್ರಾಕ್ಟರ್ ವಂಶದ ಡೀಸೆಲ್ಲಿಗೆ ಮೂರು ಸಾವಿರದ ಹತ್ತಿರ ಬರುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಟೈರಿನ ಸುತ್ತಳತೆ ಎರಡೂಕಾಲು ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ: ಟಾಪ್ ಗೇರಿನಲ್ಲಿ 2500 ಸುತ್ತಿಗೆ 5.38ರ ಗಾಡಿ ಗಂಟೆಗೆ 63 ಕಿಲೋಮೀಟರ್ ಹೋದರೆ, 4.27ರ ಕ್ರೌನ್ ಪಿನಿಯನ್ ಹಾಕಿಸಿದ್ದು 79 ಹೋಗುತ್ತದೆ. ಇಂಜಿನ್ನಿಗೆ ಲಕ್ಷ ಸುರಿದು, ಬಿಳಿಕೆರೆ ದಾಟುವಷ್ಟರಲ್ಲಿ ಕಿವಿ ಮುಚ್ಚಿಕೊಳ್ಳುವವರು ನೂರಾರು ಜನ. "ಇಂಜಿನ್ ಸೌಂಡ್ ಜಾಸ್ತಿ ಕಣಣ್ಣ, ಪಂಪು ಸೆಟ್ಟಿಂಗ್ ಮಾಡ್ಸಬೇಕು" ಅಂತ ಪಂಪಿನವನ ಹತ್ತಿರ ಹೋಗುತ್ತಾರೆ. ಪಂಪಿನವನಿಗೂ ಸಂಸಾರವಿದೆ, ಸೆಟ್ಟಿಂಗ್ ಮಾಡಿಕೊಡುತ್ತಾನೆ.

"ಲೋಡ್ ಎಳೀಬೇಕಲ್ಲ, 4.27 ಹಾಕುದ್ರೆ ಏರಲ್ಲಿ ಕುಸೀತದೆ" ಎನ್ನುವವರ ವಾದದಲ್ಲಿ ಸ್ವಲ್ಪ ಹುರುಳಿದೆ. ಆನೆಚೌಕೂರು ದಾಟಿ ಕೊಡಗಿಗೆ ಗೊಬ್ಬರ ಹೊರುವವನು 4.88 ಹಾಕಿಸಲಿ, ಒಪ್ಪಿದೆ. ಪೂಜೋ ಹಾಕಿಸಿಕೊಂಡವನು 5.38ನ್ನೇ ಇಟ್ಟುಕೊಂಡರೂ ಬದುಕಬಹುದು, ಆ ಇಂಜಿನ್ನಿಗೆ ಓಡುವ ಚಟವಿದೆ. ಕೆ.ಆರ್. ನಗರದ ಗದ್ದೆ ಬಯಲಲ್ಲಿ ಭತ್ತ ಸಾಗಿಸುವವನಿಗೆ ಯಾವ ಏರು, ಸ್ವಾಮಿ? ಇನ್ನು ಹಿಂದಿನದನ್ನು ಮಾತ್ರ ಬದಲಾಯಿಸಿ ಮುಂದಿನ ಹೌಸಿಂಗಿನಲ್ಲಿ ಹಳೆಯ 5.38 ಬಿಟ್ಟು, ಕೆಸರಿನಲ್ಲಿ ಫೋರ್‌ವೀಲ್ ಹಾಕುವ ಮಹಾನುಭಾವರ ಬಗ್ಗೆ ನಾನು ಬರೆಯಲಾರೆ. ಮುಂದಿನ ಚಕ್ರ ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕ. ಮಧ್ಯದ ಟ್ರಾನ್ಸ್‌ಫರ್ ಕೇಸು ಅಳುತ್ತದೆ.

ಹಲ್ಲೆಣಿಸಲು ಹೌಸಿಂಗ್ ಬಿಚ್ಚಲೂ ಬೇಕಿಲ್ಲ. ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿ. ಚಕ್ರಕ್ಕೊಂದು, ಜಾಯಿಂಟ್ ಶಾಫ್ಟಿಗೊಂದು ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಕ್ರೌನು ಒಂದೇ ಸುತ್ತು ತಿರುಗಿರುತ್ತದೆ. ಆ ಹೊತ್ತಿಗೆ ಶಾಫ್ಟು ಐದು ಸುತ್ತು ಮುಗಿಸಿ ಮೂರನೇ ಒಂದು ಭಾಗಕ್ಕಿಂತ ಚೂರು ಮುಂದೆ ಹೋದರೆ 5.38. ನಾಲ್ಕೂಕಾಲಾದರೆ 4.27. ಐದಕ್ಕೆ ಚೂರು ಕಡಿಮೆಯಾದರೆ 4.88. ಟೀ ಆರುವುದರೊಳಗೆ ಆಗುವ ಕೆಲಸ. ಇದನ್ನು ನಾನು ಯಾವ ಗ್ಯಾರೇಜಿನಲ್ಲಿ ಮಾಡಿ ತೋರಿಸಿದರೂ ಸುತ್ತ ನಿಂತವರು ಮ್ಯಾಜಿಕ್ ನೋಡಿದಂತೆ ನೋಡುತ್ತಾರೆ. ಮುಂದಿನ ಗಾಡಿಗೆ ಒಬ್ಬನೂ ಮಾಡುವುದಿಲ್ಲ.

ಪೆಟ್ರೋಲ್ ಗಾಡಿಯನ್ನು ಹೊಸದಾಗಿ ಡೀಸೆಲ್ ಮಾಡಿಸುವ ಕಾಲ ಮುಗಿಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೊದಲೇ ಇತ್ತು. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬಿಗಿಯಾಗಿ ಹೇಳಿತು. ನನಗೆ ಬೇಸರವಾಗಿಲ್ಲವೆಂದರೆ ಸುಳ್ಳು. ಆದರೆ ಆ ಹುಣಸೆಬೀಜದ ತೂತುಗಳನ್ನು ನೋಡಿದ ಮೇಲೆ ನ್ಯಾಯಮೂರ್ತಿಗಳನ್ನು ಬಯ್ಯುವುದಕ್ಕೆ ಬಾಯಿ ಬರುತ್ತಿಲ್ಲ. ಆರ್‌ಸಿಯಲ್ಲಿ ಡೀಸೆಲ್ ಎಂದು ಆಗಲೇ ನಮೂದಾಗಿರುವ ಗಾಡಿಗಳನ್ನು ನೆಟ್ಟಗೆ ಮಾಡಿಟ್ಟುಕೊಳ್ಳುವುದು ನಮ್ಮ ಪಾಲಿಗೆ ಉಳಿದಿರುವ ಕೆಲಸ. ಉಳಿದವನ್ನು ಕಾರ್ಖಾನೆಯಿಂದ ಹೊರಗೆ ಬಂದ ಹಾಗೇ ಪೆಟ್ರೋಲಿನಲ್ಲಿ ಓಡಿಸಬೇಕು, ಅದಕ್ಕೆ ಹರಿಕೇನ್ ಇಂಜಿನ್ ಬೇಕು. ಇಳಿಸಿದ ಹರಿಕೇನುಗಳನ್ನೆಲ್ಲ ನಾವು ಕೆಜಿ ಲೆಕ್ಕದಲ್ಲಿ ಗುಜರಿಗೆ ತೂಗಿಸಿದ್ದಾಯಿತು.

ಆದ್ದರಿಂದ ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರದ ಕಡೆಯವರಲ್ಲಿ ಒಂದು ವಿನಂತಿ. ನಿಮ್ಮ ಹೊಗೆಸೊಪ್ಪಿನ ಬ್ಯಾರನ್ನಿನ ಮೂಲೆಯಲ್ಲೋ ಕೊಟ್ಟಿಗೆಯ ಹಿಂದೆಯೋ ಅಂಥ ಇಂಜಿನ್ ಬಿದ್ದಿದ್ದರೆ ಗುಜರಿಯವನಿಗೆ ತೋರಿಸಬೇಡಿ. ಬ್ಲಾಕು ಬಿರುಕು ಬಿಟ್ಟಿದ್ದರೂ ಪರವಾಗಿಲ್ಲ, ಬೆಲ್ ಹೌಸಿಂಗ್ ಸಾಕು. ಅದರ ತೂತುಗಳಿಗೆ ಮಾತ್ರ ಯಾರೂ ಫೈಲು ಹಾಕಿರಬಾರದು.