ಚಹಾದಲ್ಲಿ ಬೆರೆಸಿದ ಮದ್ದು

ಒಂಬತ್ತು ತಿಂಗಳ ಕಾಲ ನಾವು ನಮ್ಮ ತಮ್ಮನ ಚಹಾಕ್ಕೆ ಅವನಿಗೆ ತಿಳಿಯದಂತೆ ಮದ್ದು ಬೆರೆಸಿ ಕೊಟ್ಟಿದ್ದೇವೆ. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ. ಬಣ್ಣವಿಲ್ಲದ, ರುಚಿಯಿಲ್ಲದ ಹನಿ ಮದ್ದು ಅದು. ಉಮ್ಮ ಚಹಾ ಸೋಸುವಾಗ ನಮ್ಮಲ್ಲೊಬ್ಬರು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಅವನು ಬರುತ್ತಾನೋ ಎಂದು ನೋಡುತ್ತಿದ್ದೆವು. ಇದನ್ನು ನಾವು ಹೊರಗೆ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿರುವುದು ಅವನ ಒಪ್ಪಿಗೆ ಪಡೆದೇ. ಹೆಸರು ಹಾಕಬೇಡಿ ಎಂದಷ್ಟೇ ಹೇಳಿದ್ದಾನೆ.

2015ರಲ್ಲಿ, ಅವನಿಗೆ 22 ವರ್ಷವಾಗಿದ್ದಾಗ ಕಾಯಿಲೆ ಶುರುವಾಯಿತು. ಮೊದಲು ನಿದ್ದೆ ಹೋಯಿತು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ. ಇಬ್ಬರು ಗಂಡಸರು ಹಗಲೂ ರಾತ್ರಿ ತನ್ನ ಬಗ್ಗೆ ಮಾತಾಡಿಕೊಳ್ಳುತ್ತಿದ್ದಾರೆ ಎನ್ನುತ್ತಿದ್ದ. ಊಟಕ್ಕೆ ವಿಷ ಹಾಕಿದ್ದೀರಿ ಎಂದು ತಟ್ಟೆ ದೂಡುತ್ತಿದ್ದ. ಇಲ್ಲದ ದನಿ ಕೇಳಿಸುವುದು, ನಡೆಯದೇ ಇರುವುದನ್ನು ನಡೆಯುತ್ತಿದೆ ಎಂದು ಬಲವಾಗಿ ನಂಬುವುದು, ಇಂಥ ಸ್ಥಿತಿಗೆ ವೈದ್ಯರು ಸೈಕೋಸಿಸ್ ಎನ್ನುತ್ತಾರೆ. ನಾವು ಜಿನ್ನ್ ಬಾಧೆ ಎಂದೆವು. ನೆರೆಯವರು ಹುಚ್ಚು ಎಂದರು, ನಮ್ಮ ಎದುರಿಗಲ್ಲ.

ಎರಡು ವರ್ಷ ನೂಲು, ಊದಿದ ನೀರು, ಝಿಯಾರತ್ ಎಂದು ಕಳೆಯಿತು. ಏರ್ವಾಡಿಗೆ ಕರೆದೊಯ್ದು ಬಿಟ್ಟು ಬರೋಣ ಎಂಬ ಮಾತೂ ಬಂದಿತ್ತು. ಉಮ್ಮ ಒಪ್ಪಲಿಲ್ಲ. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾದ ಬಳಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯ ಕೇಂದ್ರಕ್ಕೆ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಸುಟ್ಟುಹೋದ ಸುದ್ದಿ ಆಕೆಗೆ ನೆನಪಿತ್ತು. ಕೊನೆಗೆ ದಾರಿ ತೋರಿಸಿದವರು ನಮ್ಮ ಮಸೀದಿಯ ಉಸ್ತಾದರೇ. “ದುಆ ನಾನು ಮಾಡುತ್ತೇನೆ. ನೀವು ನಾಳೆಯೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ” ಎಂದರು. ಎಲ್ಲ ತಪ್ಪನ್ನೂ ಉಸ್ತಾದರುಗಳ ತಲೆಗೆ ಕಟ್ಟುವವರಿಗಾಗಿ ಇದನ್ನು ಹೇಳಬೇಕಾಯಿತು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ ಎಂದು ಸಂಶೋಧಕರು ಹೇಳುತ್ತಾರೆ. ಆ ಎರಡು ವರ್ಷಗಳ ಲೆಕ್ಕ ನಮ್ಮದೇ.

ತಮ್ಮ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಮಾತ್ರೆ ಮುಟ್ಟಲಿಲ್ಲ. ಆಗ ವೈದ್ಯರೊಬ್ಬರು, “ಗೊತ್ತಾಗದಂತೆ ಕೊಡಿ, ಸ್ವಲ್ಪ ಸರಿಯಾದ ಮೇಲೆ ಅವನೇ ತೆಗೆದುಕೊಳ್ಳುತ್ತಾನೆ” ಎಂದು ಹನಿ ಮದ್ದು ಬರೆದುಕೊಟ್ಟರು. ಅವರ ಮಾತು ಸುಳ್ಳಾಗಲಿಲ್ಲ. ತಿಂಗಳೊಳಗೆ ನಿದ್ದೆ ಬಂತು, ಕೂಗಾಟ ನಿಂತಿತು. ಒಂಬತ್ತನೇ ತಿಂಗಳಲ್ಲಿ ನಮ್ಮ ಜೊತೆ ಆಸ್ಪತ್ರೆಗೆ ಬಂದ, ಮಾತ್ರೆಯನ್ನು ತಾನೇ ನುಂಗತೊಡಗಿದ. ಹನಿ ಮದ್ದಿನ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ಮುಗಿಯಿತು ಎಂದುಕೊಂಡೆವು.

ಅದು ಮತ್ತೆ ಬಾಯಿಗೆ ಬಂದದ್ದು 2023ರ ಡಿಸೆಂಬರಿನ ಒಂದು ಭಾನುವಾರ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೊಬ್ಬರು ಒಂದು ಶಾಲೆಯ ಕೋಣೆಯಲ್ಲಿ ಕೂಟ ಕರೆದಿದ್ದರು. ಸೈಕೋಸಿಸ್ ಅನುಭವಿಸಿದವರು ಆರು ಮಂದಿ, ಐದು ಮನೆಯವರು, ಇಬ್ಬರು ಮನೋವೈದ್ಯರು, ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗ. ಆಸ್ಪತ್ರೆ ಬೇಡ, ಅಲ್ಲಿ ವೈದ್ಯರೇ ಯಜಮಾನರಾಗುತ್ತಾರೆ. ಮನೆಯೂ ಬೇಡ, ಅಲ್ಲಿ ನಾವು ಯಜಮಾನರಾಗುತ್ತೇವೆ ಎಂದು ಆಕೆ ಶಾಲೆಯನ್ನು ಆರಿಸಿದ್ದರಂತೆ. ಬೆಂಚುಗಳನ್ನು ಗೋಡೆಗೆ ಸರಿಸಿ ಕುರ್ಚಿಗಳನ್ನು ವೃತ್ತವಾಗಿ ಇಟ್ಟಿದ್ದರು. ವೈದ್ಯರಿಗೆ ಮೇಜು ಇರಲಿಲ್ಲ. ಅವರಲ್ಲೊಬ್ಬರಿಗೆ ಕೈ ಎಲ್ಲಿಡಬೇಕೆಂದೇ ತೋಚದಂತೆ ಕಂಡಿತು!

ಈ ಪದ್ಧತಿ ಜರ್ಮನಿಯದ್ದು ಎಂದು ಆಕೆ ಮೊದಲಿಗೆ ವಿವರಿಸಿದರು. ಆ ಕಥೆ ಕೇಳಿ ನಾವು ಮನೆಗೆ ಬಂದು ಹುಡುಕಿ ಓದಿದೆವು. ಡೊರೊಥಿಯಾ ಬುಕ್ ಎಂಬ ಪಾದ್ರಿಯ ಮಗಳು. 1936ರಲ್ಲಿ, 19ರ ಹರೆಯದಲ್ಲಿ ಆಕೆಗೆ ಮೊದಲ ಬಾರಿ ಸೈಕೋಸಿಸ್ ಆಯಿತು. ಬೇಥೆಲ್ ಎಂಬಲ್ಲಿನ ಕ್ರೈಸ್ತ ಸಂಸ್ಥೆಗೆ ಸೇರಿಸಿದರು. ತಲೆಗೆ ತಣ್ಣೀರು ಸುರಿಯುವುದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡುವುದು, ಇವು ಅಲ್ಲಿನ ಚಿಕಿತ್ಸೆ. ಕೂತು ಮಾತನಾಡಿಸಿದವರು ಮಾತ್ರ ಯಾರೂ ಇಲ್ಲ. ನಾಝಿ ಸರಕಾರದ 1933ರ ಕಾನೂನಿನಂತೆ ಆಕೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಏನು ಮಾಡುತ್ತಿದ್ದೇವೆ ಎಂದು ಅವಳಿಗೆ ಹೇಳಲೇ ಇಲ್ಲ. ಅದು ಗೊತ್ತಾದದ್ದು ಇನ್ನೊಬ್ಬ ರೋಗಿಯಿಂದ. ಆ ಕಾನೂನಿಗೆ ಸುಮಾರು 4 ಲಕ್ಷ ಜನ ಬಲಿಯಾದರು. ಮಕ್ಕಳ ಶಾಲೆಯ ಶಿಕ್ಷಕಿಯಾಗುವ ಆಸೆಯೂ ಆಕೆಯ ಕೈತಪ್ಪಿತು. ಬುಕ್ ಶಿಲ್ಪಿಯಾದರು. ಮುಂದೆ 1989ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಬಾಕ್ ಜೊತೆ ಸೇರಿ ‘ಸೈಕೋಸಿಸ್ ಸೆಮಿನಾರ್’ ಆರಂಭಿಸಿದರು. ಕಾಯಿಲೆ ಅನುಭವಿಸಿದವರು, ಮನೆಯವರು, ವೈದ್ಯಕೀಯದವರು ಸಮಾನರಾಗಿ ಕೂತು ಮಾತನಾಡುವುದು. ಅಲ್ಲಿ ಯಾರೂ ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ. ಜರ್ಮನ್ ಭಾಷೆಯ ನಾಡುಗಳಲ್ಲಿ ಅಂಥ ಕೂಟಗಳು ನೂರಕ್ಕೂ ಮಿಕ್ಕಿ ಹುಟ್ಟಿಕೊಂಡವು. ಆಕೆ 2019ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಕೂಟದಲ್ಲಿ ಮೊದಲ ಅರ್ಧ ಗಂಟೆ ವೈದ್ಯರೇ ಮಾತಾಡಿದರು. ಅಭ್ಯಾಸ ಬಲ. ಜನ ಮದ್ದನ್ನು ನಡುವೆ ನಿಲ್ಲಿಸುವುದು ಯಾಕೆ ಎಂಬ ಮಾತು ಬಂದಾಗ ತಮ್ಮ ಕೈ ಎತ್ತಿದ. ಅವನು ಮಾತಾಡುತ್ತಾನೆಂದು ನಾವು ಎಣಿಸಿಯೇ ಇರಲಿಲ್ಲ.

“ಊಟದಲ್ಲಿ ಏನೋ ಹಾಕಿದ್ದಾರೆ ಅಂತ ನಾನು ಹೇಳುತ್ತಿದ್ದೆ. ಏನೂ ಹಾಕಿಲ್ಲ, ಅದು ನಿನ್ನ ಕಾಯಿಲೆ ಅಂತ ಮನೆಯವರು ಹೇಳುತ್ತಿದ್ದರು. ಆಮೇಲೆ ಅವರು ನಿಜವಾಗಿಯೂ ಹಾಕಿದರು. ಒಂದು ದಿನ ಅಕ್ಕಿ ಡಬ್ಬದ ಹಿಂದೆ ಸೀಸೆ ಸಿಕ್ಕಿತು. ಈಗ ಹೇಳಿ ಡಾಕ್ಟರೇ, ಆವತ್ತು ಸರಿಯಾಗಿ ತಿಳಿದುಕೊಂಡವನು ಯಾರು?”

ಉಮ್ಮ ತಲೆ ತಗ್ಗಿಸಿದರು. ನಾವು ಪರಸ್ಪರ ಮುಖ ನೋಡಲಿಲ್ಲ.

ಅವನಿಗೆ ಎಲ್ಲ ಗೊತ್ತಿತ್ತು. ಸೀಸೆಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ನೋಡಿದ್ದ. ಅಷ್ಟರಲ್ಲಿ ದನಿಗಳು ಕಡಿಮೆಯಾಗಿದ್ದರಿಂದ, ಗೊತ್ತಿದ್ದೂ ಕುಡಿಯುತ್ತಾ ಬಂದಿದ್ದ. ಆದರೆ ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಅವನ ದವಡೆ ಬಿಗಿಯುತ್ತಿತ್ತು, ಕೈ ನಡುಗುತ್ತಿತ್ತು, ಕಾಲು ಮರದಂತಾಗಿತ್ತು. ಅದು ಮದ್ದಿನ ಅಡ್ಡ ಪರಿಣಾಮ. ಮದ್ದೇ ತೆಗೆದುಕೊಳ್ಳುತ್ತಿಲ್ಲ ಎಂದು ತಿಳಿದವನಿಗೆ ಅದು ಹೇಗೆ ಹೊಳೆಯಬೇಕು? ಆ ಇಬ್ಬರು ಗಂಡಸರು ಈಗ ಮೈಯೊಳಗೆ ಇಳಿದಿದ್ದಾರೆ ಎಂದುಕೊಂಡನಂತೆ. ನಾವು ಪ್ರತಿ ತಿಂಗಳು ಅವನಿಲ್ಲದೆ ಆಸ್ಪತ್ರೆಗೆ ಹೋಗಿ “ಗಲಾಟೆ ಇಲ್ಲ ಡಾಕ್ಟರೇ, ಆರಾಮಾಗಿದ್ದಾನೆ” ಎಂದು ವರದಿ ಒಪ್ಪಿಸಿ ಇನ್ನೊಂದು ಸೀಸೆ ತರುತ್ತಿದ್ದೆವು.

ಹಿರಿಯ ವೈದ್ಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮಗೆ ಬರೆದುಕೊಟ್ಟವರು ಅವರಲ್ಲ. “ನಾನೂ ಅನೇಕರಿಗೆ ಹೀಗೆ ಕೊಟ್ಟಿದ್ದೇನೆ. ಗೊತ್ತಾದಾಗ ಏನಾಯಿತು ಅಂತ ಇದುವರೆಗೆ ಯಾರೂ ಬಂದು ಹೇಳಿರಲಿಲ್ಲ” ಎಂದರು. ಸಂಶೋಧಕ ಹುಡುಗ ತನ್ನ ಪ್ರಶ್ನಾವಳಿ ತಿರುವಿ ಹಾಕಿದ. ಎಷ್ಟು ದಿನ ಮದ್ದು ತಪ್ಪಿಸಿದಿರಿ ಎಂಬುದಕ್ಕೆ ಅದರಲ್ಲಿ ಜಾಗವಿತ್ತು. ತಿಳಿಯದೆ ಎಷ್ಟು ದಿನ ಕುಡಿದಿರಿ ಎಂಬುದಕ್ಕೆ ಇರಲಿಲ್ಲ.

ಆದರೆ ಅಲ್ಲಿಗೆ ಎಲ್ಲರೂ ತಮ್ಮನ ಪರವಾದರು ಎಂದುಕೊಳ್ಳಬೇಡಿ. ಒಬ್ಬ ತಾಯಿ ಸಿಟ್ಟಿಗೆದ್ದರು. “ನನ್ನ ಮಗ ಕತ್ತಿ ಹಿಡಿದು ನಿಂತಿದ್ದ. ಕೇಳಿ ಕೊಡುವ ಹೊತ್ತಾ ಅದು? ಮದ್ದು ಹಾಕದಿದ್ದರೆ ಇವತ್ತು ಅವನೂ ಇಲ್ಲ, ನಾನೂ ಇಲ್ಲ” ಎಂದರು. ಆಕೆಯ ಮಗ ಪಕ್ಕದಲ್ಲೇ ಕೂತು ಹೌದೆಂದು ತಲೆಯಾಡಿಸಿದ. ತಮ್ಮನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಮ್ಮಲ್ಲಿಯೂ ಇಲ್ಲ. ಮತ್ತೆ ಅಂಥದೇ ಪರಿಸ್ಥಿತಿ ಬಂದರೆ ನಾವು ಏನು ಮಾಡುತ್ತೇವೆ ಎಂದು ನೀವು ಕೇಳಿದರೆ, ಪ್ರಾಮಾಣಿಕವಾಗಿ ಹೇಳುವುದು ಕಷ್ಟ. ಕಡೇ ಪಕ್ಷ ಅವನ ದವಡೆ ಯಾಕೆ ಬಿಗಿಯುತ್ತಿದೆ ಎಂದು ಗಮನಿಸುತ್ತೇವೆ. ಸರಿಯಾದ ಮೊದಲ ವಾರವೇ ಕೂರಿಸಿ ನಿಜ ಹೇಳುತ್ತೇವೆ. ವರ್ಷಗಟ್ಟಲೆ ಮುಚ್ಚಿಡುವುದಿಲ್ಲ.

ನಮ್ಮ ಸಮುದಾಯದಲ್ಲಿ ಇದನ್ನು ಮಾತಾಡುವವರು ಕಡಿಮೆ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವನ ಮೇಲೆ ನಮಾಝ್, ಉಪವಾಸ ಕಡ್ಡಾಯವಲ್ಲ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಅಷ್ಟು ರಿಯಾಯಿತಿ ಅವನಿಗಿದೆ. ಆದರೆ ಅವನ ಅಕ್ಕ ತಂಗಿಯರ ಮದುವೆ ಮಾತುಕತೆಯಲ್ಲಿ ನಾವು ಆ ರಿಯಾಯಿತಿ ತೋರಿಸುವುದಿಲ್ಲ. ಸ್ಕಿಜೋಫ್ರೇನಿಯಾ ಒಂದೇ ಜಗತ್ತಿನ 300 ಜನರಲ್ಲಿ ಸುಮಾರು ಒಬ್ಬರಿಗಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಲೆಕ್ಕದಲ್ಲಿ 1,500 ಜನರ ಜಮಾಅತ್‌ನಲ್ಲಿ ಐದು ಮಂದಿಯಾದರೂ ಇರಬೇಕು. ನಮ್ಮಲ್ಲಿ ಹೆಸರಿಗೆ ಒಬ್ಬನೂ ಇಲ್ಲ!

ಕೂಟ ಮುಗಿಯುವ ಮೊದಲು ಸಮಾಜ ಕಾರ್ಯಕರ್ತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಬಗ್ಗೆ ಹೇಳಿದರು. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಕಾಯಿಲೆ ಮರುಕಳಿಸಿದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡಬಹುದು. ಆಗ ತನ್ನ ಪರವಾಗಿ ಜೊತೆ ನಿಲ್ಲಲು ಒಬ್ಬ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ನೇಮಿಸಬಹುದು. ಪ್ರತಿನಿಧಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ.

ಮುಂದಿನ ವಾರ ತಮ್ಮ ಹಾಳೆ ತೆಗೆದುಕೊಂಡು ಕೂತ. ನಮ್ಮಲ್ಲಿ ಯಾರ ಹೆಸರು ಬರೆಯುತ್ತಾನೆ ಎಂದು ನಾವು ಒಳಗೊಳಗೇ ಕಾಯುತ್ತಿದ್ದೆವು. ಅವನು ಬರೆದದ್ದು ತಾನು ಮತ್ತೆ ಕೆಲಸಕ್ಕೆ ಸೇರಿದ ಅಂಗಡಿಯ ಗೆಳೆಯನ ಹೆಸರು. ಉಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯಾಕೆ ಎಂದು ನಾವು ಅವನನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಾಳೆಯ ಒಂದು ಪ್ರತಿಯನ್ನು ನಮ್ಮ ಕೈಗೆ ಕೊಟ್ಟು, ರೇಷನ್ ಕಾರ್ಡ್ ಇಡುವ ಕಪಾಟಿನಲ್ಲೇ ಇಡಿ, ಬೇಕಾದಾಗ ಸಿಗಬೇಕು ಎಂದ.

ಕೂಟ ಈಗಲೂ ನಡೆಯುತ್ತಿದೆ, ಎರಡು ತಿಂಗಳಿಗೊಮ್ಮೆ. ಒಬ್ಬ ವೈದ್ಯರು ವರ್ಗವಾಗಿ ಹೋದರು. ಕಳೆದ ಸಲ ಬಂದವರು ಏಳೇ ಮಂದಿ. ತಮ್ಮ ಮಾತ್ರ ತಪ್ಪಿಸುವುದಿಲ್ಲ, ಅರ್ಧ ಗಂಟೆ ಮೊದಲೇ ಹೋಗಿ ಕುರ್ಚಿ ಹಾಕುತ್ತಾನೆ.